ಡಬಲ್ಸ್‌ನಲ್ಲಿ ನಿಲ್ಲೋದೆಲ್ಲಿ, ಓಡೋದ್ಯಾವಾಗ? ಓದುಗರ ಪ್ರಶ್ನೆಗಳಿಗೆ ಉತ್ತರ

ಟೆನ್ನಿಸ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ವಿ. ಬಂದಿರೋದ್ರಲ್ಲಿ ಹೆಚ್ಚಿನವು ಡಬಲ್ಸ್ ಬಗ್ಗೆ, ಅದರಲ್ಲೂ ಫೋರ್‌ಹ್ಯಾಂಡ್ (ರಾಕೆಟ್ ಹಿಡಿದ ಕೈ ಕಡೆಯಿಂದ ಹೊಡೆಯೋ ಹೊಡೆತ) ಹೇಗೆ ಹೊಡೀಬೇಕು ಅನ್ನೋದಕ್ಕಿಂತ ಎಲ್ಲಿ ನಿಲ್ಲಬೇಕು ಅಂತಾನೇ ಜಾಸ್ತಿ ಕೇಳಿದ್ದೀರಿ. ನನಗೆ ಖುಷಿ ಆಯ್ತು. ಕ್ಲಬ್ ಮಟ್ಟದಲ್ಲಿ ಪಾಯಿಂಟ್ ಸೋಲೋದು ಹೊಡೆತದಿಂದ ಕಮ್ಮಿ, ನಿಂತ ಜಾಗದಿಂದ ಜಾಸ್ತಿ.

ಪ್ರಶ್ನೆ: ಸರ್, ನಾವು ನಾಲ್ಕು ಜನ ಆಫೀಸಿಗೆ ಹೋಗೋ ಮುಂಚೆ ಬೆಳಗ್ಗೆ ಆಡ್ತೀವಿ. ನಾನು, ನನ್ನ ಪಾರ್ಟ್ನರ್ ಇಬ್ಬರೂ ಬಲಗೈಯವರು. ಎದುರಿನವರಿಗೆ ಅಂಥಾ ದೊಡ್ಡ ಶಾಟ್ ಏನೂ ಇಲ್ಲ, ಆದ್ರೆ ನಮ್ಮಿಬ್ಬರ ಮಧ್ಯಕ್ಕೆ ಸುಮ್ನೆ ಒಂದು ತಳ್ತಾರೆ. ಅವರು ತಗೋತಾರೆ ಅಂತ ನಾನು, ನಾನು ತಗೋತೀನಿ ಅಂತ ಅವರು, ಚೆಂಡು ಹೋಗಿ ಹಿಂದಿನ ಬೇಲಿಗೆ ಬಡಿಯುತ್ತೆ. ಅದು ಯಾರ ಚೆಂಡು? (ಮೈಸೂರಿನ ಓದುಗರು)

ಉತ್ತರ: ಇದೊಂದು ಗೊತ್ತಾದ್ರೆ ಡಬಲ್ಸ್ ಅರ್ಧ ಬಂದ ಹಾಗೆ, ಅದಕ್ಕೇ ಇದನ್ನ ಮೊದಲು ತಗೊಂಡೆ, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಅವರು ಮಧ್ಯಕ್ಕೇ ಯಾಕೆ ಹೊಡೀತಾರೆ ಅಂತ ಮೊದಲು ನೋಡಿ. ನೆಟ್ ಕಂಬದ ಹತ್ರ 3 ಅಡಿ 6 ಇಂಚು ಎತ್ತರ ಇರುತ್ತೆ, ಮಧ್ಯದಲ್ಲಿ ಬಿಳೀ ಪಟ್ಟಿ ಕಟ್ಟಿ ಎಳೆದಿರ್ತಾರಲ್ಲ ಅಲ್ಲಿ 3 ಅಡಿ ಅಷ್ಟೆ. ಆರು ಇಂಚು ಅಂದ್ರೆ ಟೆನ್ನಿಸ್‌ನಲ್ಲಿ ಬಹಳ ಆಯ್ತು. ಮಧ್ಯಕ್ಕೆ ಹೊಡೆಯೋರಿಗೆ ಸೈಡ್‌ಲೈನ್ ಭಯಾನೂ ಇಲ್ಲ, ನಾಲ್ಕಡಿ ಆಚೀಚೆ ಆದ್ರೂ ಒಳಗೇ ಬೀಳುತ್ತೆ. ಇನ್ನೊಂದು, ಮಧ್ಯದಿಂದ ವಾಪಸ್ ಹೊಡೆಯೋವಾಗ ನಿಮಗೆ ಆ್ಯಂಗಲ್ ಸಿಗಲ್ಲ, ಎಷ್ಟೇ ಕಷ್ಟಪಟ್ರೂ ಚೆಂಡು ಅವರಿಬ್ಬರ ಕೈಗೆ ಎಟಕೋ ಜಾಗಕ್ಕೇ ಹೋಗುತ್ತೆ. ಅಂದ್ರೆ ನಿಮ್ಮ ಎದುರಾಳಿಗಳು ಸುಮ್ನೆ ತಳ್ತಿಲ್ಲ ಸರ್, ಸರಿಯಾದ ಆಟಾನೇ ಆಡ್ತಿದ್ದಾರೆ. ನೀವೂ ಅದನ್ನೇ ಆಡಿ.

ಈಗ ಯಾರ ಚೆಂಡು ಅನ್ನೋದು. ನೀವಿಬ್ಬರೂ ನೆಟ್ ಹತ್ರ ಇದ್ದೀರಿ ಅಂತ ಇಟ್ಕೊಳ್ಳಿ. ಚೆಂಡು ಅವರ ಕಡೆ ಯಾವ ಮೂಲೆಯಲ್ಲಿದೆ ನೋಡಿ. ಆ ಚೆಂಡಿಗೆ ನೇರ ಎದುರಿಗೆ ಇರೋರು ತಮ್ಮ ಸೈಡ್‌ಲೈನ್ ಕಾಯಬೇಕು, ಓರೆಯಾಗಿ ಇರೋರು ಮಧ್ಯಕ್ಕೆ ಸರಿದು ಮಧ್ಯದ ಚೆಂಡು ತಗೋಬೇಕು. ಚೆಂಡು ಇನ್ನೊಂದು ಮೂಲೆಗೆ ಹೋದ ಕೂಡ್ಲೇ ಕೆಲಸ ಅದಲುಬದಲು. ಚೆಂಡು ಸರಿಯಾಗಿ ಮಧ್ಯದಲ್ಲೇ ಇದೆ, ಓರೆ ಯಾರು ನೇರ ಯಾರು ಗೊತ್ತಾಗ್ತಿಲ್ಲ ಅಂದಾಗ ಯಾರ ಫೋರ್‌ಹ್ಯಾಂಡ್ ಮಧ್ಯಕ್ಕಿದೆಯೋ ಅವರದು. ಇಬ್ಬರೂ ಬಲಗೈಯವರಾದ್ರೆ ಅದು ಎಡಗಡೆ, ಅಂದ್ರೆ ಆ್ಯಡ್ ಕೋರ್ಟಲ್ಲಿ ಇರೋರದು. ಒಬ್ಬರು ಮುಂದೆ ಒಬ್ಬರು ಹಿಂದೆ ಇದ್ರೆ ಮುಂದಿರೋರಿಗೆ ಮೊದಲ ಹಕ್ಕು, ಅವರ ರಾಕೆಟ್ ಎಟಕಿದ್ರೆ ಅವರೇ ಹೊಡೀಬೇಕು, ಯಾಕಂದ್ರೆ ನೆಟ್ ಹತ್ರ ಹೊಡೆದ ಚೆಂಡಿಗೆ ಎದುರಾಳಿಗೆ ಟೈಮೇ ಇರಲ್ಲ.

ಇದು ನಡೀಬೇಕಾದ್ರೆ ಇಬ್ಬರೂ ಒಟ್ಟಿಗೆ ಸರೀಬೇಕು. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ, ಒಬ್ಬರು ಎರಡು ಹೆಜ್ಜೆ ಬಲಕ್ಕೆ ಹೋದ್ರೆ ಇನ್ನೊಬ್ಬರೂ ಎರಡು ಹೆಜ್ಜೆ ಬಲಕ್ಕೇ. ನಮ್ಮಲ್ಲಿ ತಪ್ಪೋದು ಇಲ್ಲೇ, ಪಾರ್ಟ್ನರ್ ಸೈಡ್‌ಲೈನ್ ಕಡೆ ಓಡ್ತಾ ಇರ್ತಾರೆ, ಇವರು ಅದು ನನ್ನ ಚೆಂಡಲ್ಲ ಅಂತ ತಮ್ಮ ಅರ್ಧದ ನಟ್ಟನಡುವೆ ನಿಂತೇ ಇರ್ತಾರೆ, ಇಬ್ಬರ ನಡುವೆ ಒಂದು ಎತ್ತಿನಗಾಡಿ ಹೋಗೋವಷ್ಟು ಜಾಗ ಆಗಿಬಿಡುತ್ತೆ. ಹಾಗೆ ಒಟ್ಟಿಗೆ ಸರಿದ್ರೆ ಆ ದೂರದ ಸೈಡ್ ಖಾಲಿ ಆಗಲ್ವಾ ಅಂತ ಕೇಳ್ತೀರಿ. ಆಗುತ್ತೆ, ಆಗ್ಲಿ ಬಿಡಿ. ಡಬಲ್ಸ್ ಕೋರ್ಟ್ ಅಗಲ 36 ಅಡಿ, ಇಬ್ಬರಿಂದ ಪೂರ್ತಿ ಮುಚ್ಚೋಕಾಗಲ್ಲ, ಒಂದು ಕಡೆ ಬಿಡ್ಲೇಬೇಕು. ಬಿಡೋದಾದ್ರೆ ಅತಿ ಕಷ್ಟದ ಶಾಟ್ ಇರೋ ಜಾಗ ಬಿಡಿ. ನೆಟ್‌ಗೆ ಹತ್ರವಾಗಿ, ಸೈಡ್‌ಲೈನ್ ಆಚೆ ಓಡೋ ಹಾಗೆ ಚೂಪಾದ ಕ್ರಾಸ್‌ಕೋರ್ಟ್ (ಓರೆಯಾಗಿ ಆಚೆ ಬದಿಗೆ) ಹೊಡೆಯೋದು ಭಾನುವಾರ ಆಡೋರಿಗೆ ಹತ್ತರಲ್ಲಿ ಒಂದು ಸಿಕ್ಕಿದ್ರೆ ಹೆಚ್ಚು, ಅದು ಸಿಕ್ಕಾಗ ಚಪ್ಪಾಳೆ ತಟ್ಟಿ ಮುಂದಿನ ಪಾಯಿಂಟ್ ಆಡಿ.

ಕೊನೇದು, ಬಾಯಿ ಬಿಡಿ. ‘ನಂದು’, ‘ನಿಮ್ದು’, ‘ಬಿಡಿ’ ಈ ಮೂರು ಮಾತು ಸಾಕು, ಆದ್ರೆ ಚೆಂಡು ನೆಟ್ ದಾಟೋದ್ರೊಳಗೆ ಹೇಳ್ಬೇಕು. ಬೆಂಗಳೂರಿನ ಕೋರ್ಟುಗಳಲ್ಲಿ ಬೆಳಗಿನ ಹೊತ್ತು ಅರವತ್ತು ದಾಟಿದ ಜೋಡಿಗಳು ಇಪ್ಪತ್ತೈದರ ಹುಡುಗರನ್ನ ಸೋಲಿಸೋದನ್ನ ನೀವೂ ನೋಡಿರಬಹುದು. ಅಂಥಾ ಜೋಡಿ ಸಿಕ್ಕಿದ್ರೆ ಒಂದು ಗೇಮ್ ಪೂರ್ತಿ ಚೆಂಡು ನೋಡಬೇಡಿ, ಹೊಡೀದೇ ಇರೋರ ಕಾಲು ಮಾತ್ರ ನೋಡಿ. ಪಾರ್ಟ್ನರ್ ಹೊಡೆದ ಚೆಂಡು ಎಡಕ್ಕೆ ಹೋಗ್ತಿದ್ದ ಹಾಗೇ ಇವರ ಎಡಗಾಲು ಅರ್ಧ ಹೆಜ್ಜೆ ಆ ಕಡೆ ಹೋಗಿರುತ್ತೆ, ಎದುರಿನವರು ರಾಕೆಟ್ ಬೀಸೋ ಹೊತ್ತಿಗೆ ಎರಡೂ ಕಾಲಲ್ಲಿ ಸಣ್ಣದಾಗಿ ಒಂದು ಪುಟಿತ, ಹಿಮ್ಮಡಿ ನೆಲಕ್ಕೆ ತಾಗಿರಲ್ಲ. ಅದೇ ಸ್ಪ್ಲಿಟ್ ಸ್ಟೆಪ್. ಓಡೋದೇ ಇಲ್ಲ ಅವರು, ಮೊದಲೇ ಅಲ್ಲಿರ್ತಾರೆ.

ಪ್ರಶ್ನೆ: ನಮಸ್ಕಾರ್ರಿ. ನಾನು, ನಮ್ಮ ಮನಿಯವ್ರು ಮಿಕ್ಸೆಡ್ ಡಬಲ್ಸ್ ಆಡ್ತೇವ್ರಿ. ನಾ ನೆಟ್ ಹತ್ರ ನಿಂತ ಕೂಡ್ಲೆ ಎದುರಿನವ್ರು ತಲಿ ಮ್ಯಾಲಿಂದ ಎತ್ತಿ ಒಗೀತಾರ. ಮನಿಯವ್ರು ಓಡಿ ಓಡಿ ಸುಸ್ತಾಗಿ ‘ನೀನೂ ಹಿಂದ ಬಂದು ನಿಲ್ಲು’ ಅಂತಾರ. ಹಿಂದ ಹೋಗಬೇಕೇನ್ರಿ? (ಧಾರವಾಡದ ಓದುಗರು)

ಉತ್ತರ: ಹೋಗಬೇಡಿ ಮೇಡಂ. ಅವರು ಲಾಬ್ ಎತ್ತಿ ಎತ್ತಿ ನಿಮ್ಮನ್ನ ಹಿಂದಕ್ಕೆ ಕಳಿಸೋಕೇ ನೋಡ್ತಿರೋದು. ಮೊದಲು ನಿಂತಿರೋ ಜಾಗ ನೋಡ್ಕೊಳ್ಳಿ. ನೆಟ್‌ನಿಂದ ಸರ್ವಿಸ್ ಲೈನಿಗೆ, ಅಂದ್ರೆ ಸರ್ವ್ ಬೀಳಬೇಕಾದ ಬಾಕ್ಸಿನ ಹಿಂದಿನ ಗೆರೆಗೆ, 21 ಅಡಿ. ತುಂಬಾ ಜನ ನೆಟ್‌ಗೆ ಮೂರ್ನಾಲ್ಕು ಅಡಿ ದೂರದಲ್ಲಿ, ರಾಕೆಟ್ ಚಾಚಿದ್ರೆ ನೆಟ್ ಮುಟ್ಟೋ ಹಾಗೆ ನಿಲ್ತಾರೆ, ಅಲ್ಲಿ ನಿಂತ್ರೆ ಯಾರು ಬೇಕಾದ್ರೂ ತಲೆ ಮೇಲಿಂದ ಎತ್ತಬಹುದು. ಆ ಬಾಕ್ಸಿನ ನಡುಮಧ್ಯ ನಿಲ್ಲಿ, ಲಾಬ್ ಎತ್ತೋರೇ ಎದುರಿಗೆ ಇದ್ರೆ ಇನ್ನೊಂದು ದೊಡ್ಡ ಹೆಜ್ಜೆ ಹಿಂದೆ. ಅಲ್ಲಿಂದ ಮುಂದೆ ನುಗ್ಗೋದು ಸುಲಭ, ಹಿಂದೆ ಹೋಗೋದೂ ಸುಲಭ.

ಲಾಬ್ ಬಂದಾಗ ಮುಖ ನೆಟ್ ಕಡೆ ಇಟ್ಕೊಂಡು ಹಿಂದ್ಹಿಂದಕ್ಕೆ ಹೆಜ್ಜೆ ಹಾಕಬೇಡಿ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು, ವಯಸ್ಸಾದವರು ಬಿದ್ದು ಮಣಿಕಟ್ಟು, ಸೊಂಟ ಮುರ್ಕೊಳ್ಳೋದು ಹೀಗೇನೇ. ಮೊದಲು ಮೈ ಪಕ್ಕಕ್ಕೆ ತಿರುಗಿಸಿ, ಆಮೇಲೆ ಪಕ್ಕ ಹೆಜ್ಜೆಯಲ್ಲಿ ಹಿಂದೆ ಹೋಗಿ. ಎರಡು ಮೂರು ಹೆಜ್ಜೆಗೆ ಸಿಗೋ ಚೆಂಡು ನಿಮ್ಮದು. ಅದಕ್ಕಿಂತ ಹಿಂದೆ ಅಂದ್ರೆ ನಿಮ್ಮ ಮನೆಯವರು ‘ನಂದು’ ಅಂತ ಕೂಗಿ ನಿಮ್ಮ ಬೆನ್ನ ಹಿಂದಿನಿಂದ ಓರೆಯಾಗಿ ಓಡ್ತಾರೆ, ನೀವು ಅವರು ಬಿಟ್ಟ ಕಡೆಗೆ ದಾಟ್ಕೋಬೇಕು. ದಾಟಿ ನೆಟ್ ಹತ್ರಾನೇ ನಿಲ್ಲಬೇಡಿ, ಸರ್ವಿಸ್ ಲೈನ್‌ವರೆಗೋ ಅದಕ್ಕೂ ಹಿಂದಕ್ಕೋ ಬನ್ನಿ, ಯಾಕಂದ್ರೆ ಅವರು ಅಷ್ಟು ಹಿಂದಿಂದ ಓಡ್ತಾ ಹೊಡೆದ ಚೆಂಡು ಎದುರಾಳಿಗೆ ಸ್ಮ್ಯಾಶ್‌ಗೆ ಸಿಗೋ ಸಾಧ್ಯತೆ ಜಾಸ್ತಿ. ಆ ಹೊತ್ತಲ್ಲಿ ವಾಪಸ್ ಇನ್ನೂ ಎತ್ತರದ ಲಾಬ್ ಎತ್ತೋದೇ ಜಾಣತನ, ಮತ್ತೆ ಉಸಿರು ತಗೊಂಡು ನಿಮ್ಮ ನಿಮ್ಮ ಜಾಗಕ್ಕೆ ಬರೋಕೆ ಟೈಮ್ ಸಿಗುತ್ತೆ.

ಇನ್ನೊಂದು ವಿಷಯ ನಿಮ್ಮ ಮನೆಯವರಿಗೆ ಓದಿಸಿ. ಅವರು ಹಿಂದಿನಿಂದ ಗಿಡ್ಡ, ಮೆತ್ತಗಿನ ಚೆಂಡು ಕೊಟ್ಟಾಗ್ಲೇ ಎದುರಿನವರಿಗೆ ಆರಾಮಾಗಿ ಲಾಬ್ ಎತ್ತೋಕೆ ಆಗೋದು. ಅದೇ ಚೆಂಡು ಬೇಸ್‌ಲೈನ್ (ಕೋರ್ಟಿನ ಕೊನೇ ಗೆರೆ) ಹತ್ರ ಬಿದ್ರೆ ಅವರು ಹಿಂದಕ್ಕೆ ಒರಗಿ ಎತ್ತಬೇಕು, ಅದು ಗಿಡ್ಡ ಆಗುತ್ತೆ, ನಿಮ್ಮ ಸ್ಮ್ಯಾಶ್‌ಗೆ ಬರುತ್ತೆ. ಹಾಗಾಗಿ ತಪ್ಪೆಲ್ಲ ನೆಟ್ ಹತ್ರ ಇರೋರದ್ದೇ ಅನ್ನೋದು ಸರಿಯಲ್ಲ.

ಪ್ರಶ್ನೆ: ಪೋಚ್ ಮಾಡೋಕೆ (ನೆಟ್ ಹತ್ರದಿಂದ ಅಡ್ಡ ನುಗ್ಗಿ ಪಾರ್ಟ್ನರ್ ಕಡೆ ಹೋಗೋ ಚೆಂಡು ಹೊಡೆಯೋಕೆ) ಹೋದ್ರೆ ನನ್ನ ಲೈನ್ ಮೇಲೆ, ಅಂದ್ರೆ ನಾನು ಬಿಟ್ಟ ಸೈಡ್‌ಲೈನ್ ಉದ್ದಕ್ಕೆ, ಹೊಡೆದುಬಿಡ್ತಾರೆ, ಪಾರ್ಟ್ನರ್ ಬೈತಾನೆ. ಹೋಗ್ದಿದ್ರೆ ಪೂರ್ತಿ ಗೇಮ್ ಸುಮ್ನೆ ನಿಂತಿರ್ತೀನಿ. ಏನ್ ಮಾಡ್ಲಿ? (ಬೆಂಗಳೂರಿನ ಓದುಗರು)

ಉತ್ತರ: ಹೋಗಿ. ಸೆಟ್ಟಿಗೆ ಒಂದೆರಡು ಸಲ ನಿಮ್ಮ ಲೈನ್ ಮೇಲೆ ಪಾಸ್ ಆಗ್ತಿಲ್ಲ ಅಂದ್ರೆ ನೀವು ಸಾಕಷ್ಟು ಪೋಚ್ ಮಾಡ್ತಿಲ್ಲ ಅಂತಾನೇ ಅರ್ಥ. ಆ ಎರಡು ಪಾಯಿಂಟ್ ಕೊಟ್ಟು ಆರು ತಗೋತೀರಿ, ಜೊತೆಗೆ ರಿಟರ್ನ್ ಮಾಡೋರ ಕಣ್ಣು ಚೆಂಡು ಬಿಟ್ಟು ನಿಮ್ಮ ಮೇಲೆ ಬಿದ್ರೆ ಅವರು ಸುಮ್ಸುಮ್ನೆ ನೆಟ್‌ಗೆ ಹೊಡ್ಕೋತಾರೆ, ಆ ಪಾಯಿಂಟ್ ಯಾರ ಲೆಕ್ಕಕ್ಕೂ ಬರಲ್ಲ ಆದ್ರೆ ಅದೂ ನಿಮ್ಮದೇ.

ಯಾವಾಗ ಹೋಗಬೇಕು ಅನ್ನೋದು ಸರ್ವ್ ಬಿದ್ದ ಜಾಗ ಹೇಳುತ್ತೆ. ಪಾರ್ಟ್ನರ್ ಸರ್ವ್ ಮಧ್ಯದ ಗೆರೆ ಹತ್ರ ಬಿತ್ತು ಅಂದ್ರೆ ರಿಟರ್ನ್ ಮಾಡೋರಿಗೆ ಆ್ಯಂಗಲ್ ಇಲ್ಲ, ನಿಮ್ಮ ಲೈನ್ ಮೇಲೆ ಹೊಡೆಯೋದು ಬಹಳ ಕಷ್ಟ, ನುಗ್ಗಿ. ಸರ್ವ್ ಹೊರಗಡೆಗೆ ಎಳೀತು ಅಂದ್ರೆ ಲೈನ್ ತೆರೆದುಕೊಳ್ಳುತ್ತೆ, ಆಗ ಮೊದಲು ಲೈನ್ ಕಾಯಿರಿ. ಮೈಗೆ ನೇರ ಬಂದ ಸರ್ವಿಗೂ ಹೋಗಬಹುದು. ಎರಡನೇ ಸರ್ವ್ ಮೆತ್ತಗಿದ್ರೆ ಹುಷಾರು.

ಹೊರಡೋ ಗಳಿಗೆ ಬಗ್ಗೆ ಹೇಳ್ಬೇಕು. ಬೇಗ ಹೊರಟ್ರೆ ಅವರು ನೋಡಿ ಲೈನಿಗೆ ಹೊಡೀತಾರೆ, ತಡ ಆದ್ರೆ ಚೆಂಡು ಸಿಗಲ್ಲ. ರಿಟರ್ನ್ ಮಾಡೋರು ರಾಕೆಟ್ ಹಿಂದಕ್ಕೆ ತಗೊಂಡು ಮುಂದಕ್ಕೆ ಬೀಸೋಕೆ ಶುರು ಮಾಡ್ತಾರಲ್ಲ, ಆಗ ಅವರ ತಲೆ ಚೆಂಡಿನ ಕಡೆ ಬಗ್ಗುತ್ತೆ, ನಿಮ್ಮನ್ನ ನೋಡೋಕಾಗಲ್ಲ, ಮನಸ್ಸು ಬದಲಾಯಿಸೋಕೂ ಆಗಲ್ಲ. ಅದೇ ನಿಮ್ಮ ಗಳಿಗೆ. ಅಡ್ಡಡ್ಡ ಓಡಬೇಡಿ, ನೆಟ್ ಮಧ್ಯದ ಪಟ್ಟಿ ಕಡೆ ಓರೆಯಾಗಿ ಮುಂದಕ್ಕೆ ನುಗ್ಗಿ, ಮುಂದೆ ಹೋದಷ್ಟೂ ಚೆಂಡು ಎತ್ತರದಲ್ಲಿ ಸಿಗುತ್ತೆ. ಹೊಡೆಯೋದು ಎಲ್ಲಿಗೆ? ಎದುರಿನ ನೆಟ್ ಆಟಗಾರರ ಕಾಲ ಬುಡಕ್ಕೆ, ಇಲ್ಲಾ ಅವರಿಬ್ಬರ ಮಧ್ಯಕ್ಕೆ. ಅರ್ಧ ದಾರಿಗೆ ಹೋಗಿ ನಿಲ್ಲಬೇಡಿ, ಹೊರಟ ಮೇಲೆ ಆ ಕಡೆಗೇ ಹೋಗಿ, ಪಾರ್ಟ್ನರ್ ನೀವು ಬಿಟ್ಟ ಜಾಗಕ್ಕೆ ಬರ್ತಾನೆ.

ಅವನು ಬರಬೇಕು ಅಂದ್ರೆ ಅವನಿಗೆ ಮೊದಲೇ ಗೊತ್ತಿರ್ಬೇಕು, ಬೈಗುಳಕ್ಕೂ ಅದೇ ಮದ್ದು. ಲಿಯಾಂಡರ್ ಪೇಸ್, ಮಹೇಶ್ ಭೂಪತಿ 1999ರಲ್ಲಿ ನಾಲ್ಕೂ ಗ್ರಾಂಡ್‌ಸ್ಲಾಮ್ ಫೈನಲ್ ತಲುಪಿ ಫ್ರೆಂಚ್ ಓಪನ್, ವಿಂಬಲ್ಡನ್ ಗೆದ್ದ ಕಾಲದ ಆಟ ನೋಡಿದವರಿಗೆ ಅವರ ಎದೆಗೆದೆ ಗುದ್ದೋದು ನೆನಪಿರುತ್ತೆ, ಪಾಯಿಂಟ್ ನಡುವೆ ತಲೆ ಹತ್ರ ತಂದು ಮಾತಾಡ್ತಿದ್ದಿದ್ದು ಅದಕ್ಕಿಂತ ದೊಡ್ಡ ವಿಷಯ. ನೀವೂ ಬೆನ್ನ ಹಿಂದೆ ಕೈ ಸನ್ನೆ ಇಟ್ಕೊಳ್ಳಿ, ಮುಷ್ಟಿ ಅಂದ್ರೆ ನಿಲ್ತೀನಿ, ಬಿಚ್ಚಿದ ಅಂಗೈ ಅಂದ್ರೆ ಹೋಗ್ತೀನಿ. ಸರ್ವ್ ಮಾಡೋರು ‘ಸರಿ’ ಅಂದ ಮೇಲೇ ಪಾಯಿಂಟ್ ಶುರು ಆಗ್ಲಿ.

ಪ್ರಶ್ನೆ: ನನ್ನ ಪಾರ್ಟ್ನರ್‌ಗೆ ಎರಡನೇ ಸರ್ವ್ ತುಂಬಾ ವೀಕ್. ರಿಟರ್ನ್ ಮಾಡೋರು ನೇರ ನನ್ನ ಮೇಲೇ ಹೊಡೀತಾರೆ, ಮೈಗೆ ತಾಗಿ ನೋವಾಗಿದ್ದೂ ಉಂಟು. ನೆಟ್‌ನಲ್ಲೇ ನಿಲ್ಲಬೇಕು ಅಂತ ನಿಯಮ ಉಂಟಾ? (ಮಂಗಳೂರಿನ ಓದುಗರು)

ಉತ್ತರ: ಅಂಥಾ ನಿಯಮ ಯಾವುದೂ ಇಲ್ಲ, ನಿಮ್ಮ ಕಡೆ ನೀವು ಎಲ್ಲಿ ಬೇಕಾದ್ರೂ ನಿಲ್ಲಬಹುದು. ಮೊದಲ ಸರ್ವಿಗೆ ನೆಟ್ ಹತ್ರ ನಿಲ್ಲಿ, ಅದು ಫಾಲ್ಟ್ ಆದ್ರೆ ಎರಡನೇ ಸರ್ವಿಗೆ ಸರ್ವಿಸ್ ಲೈನಿಗೆ ಸರ್ಕೊಳ್ಳಿ, ಅದೂ ಸಾಲದಿದ್ರೆ ಇಬ್ಬರೂ ಬೇಸ್‌ಲೈನಲ್ಲಿ ನಿಲ್ಲಿ. ದೊಡ್ಡ ದೊಡ್ಡ ಆಟಗಾರರೂ ಎದುರಿಗೆ ಒಳ್ಳೇ ರಿಟರ್ನರ್ ಇದ್ದಾಗ ಇಬ್ಬರೂ ಹಿಂದೆ ನಿಲ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ. ಪಾರ್ಟ್ನರ್‌ಗೆ ಹೇಳಿ, ಮೊದಲ ಸರ್ವನ್ನೇ ಸ್ವಲ್ಪ ನಿಧಾನ ಮಾಡಿ, ಸ್ಪಿನ್ ಹಾಕಿ ಒಳಗೆ ಬೀಳಿಸ್ಲಿ. ಡಬಲ್ಸ್‌ನಲ್ಲಿ ಏಸ್‌ಗಿಂತ (ಎದುರಾಳಿಗೆ ಮುಟ್ಟೋಕೂ ಆಗದ ಸರ್ವ್‌ಗಿಂತ) ಮೊದಲ ಸರ್ವ್ ಒಳಗೆ ಬೀಳೋದಕ್ಕೇ ಬೆಲೆ ಜಾಸ್ತಿ.

ನೀವು ಕೇಳಿಲ್ಲ, ಆದ್ರೂ ಇದಕ್ಕೆ ಅಂಟಿಕೊಂಡಿರೋ ಒಂದು ಮಾತು. ನಿಮ್ಮ ಪಾರ್ಟ್ನರ್ ರಿಟರ್ನ್ ಮಾಡ್ತಿರೋವಾಗ ನೀವು ಸರ್ವಿಸ್ ಲೈನ್ ಹತ್ರ ನಿಂತಿರ್ತೀರಲ್ಲ, ಆಗ ಹಿಂದೆ ತಿರುಗಿ ಪಾರ್ಟ್ನರ್ ಹೊಡೆಯೋದನ್ನ ನೋಡಬೇಡಿ. ಸರ್ವ್ ಒಳಗಾ ಹೊರಗಾ ನೋಡಿ, ತಕ್ಷಣ ಕಣ್ಣು ಎದುರಿನ ನೆಟ್ ಆಟಗಾರರ ಮೇಲೆ ಇಡಿ. ಅವರು ರಾಕೆಟ್ ಎತ್ತಿ ಮಧ್ಯಕ್ಕೆ ನುಗ್ಗಿದ್ರೆ ಚೆಂಡು ಬರೋದು ನಿಮ್ಮ ಮೇಲೆ, ಅರ್ಧ ಹೆಜ್ಜೆ ಹಿಂದೆ ಹಾಕಿ ರಾಕೆಟ್ ಕೆಳಗಿಡಿ. ಅವರು ಸುಮ್ಮನಿದ್ರೆ ಚೆಂಡು ಅವರನ್ನ ದಾಟಿ ಹೋಗಿದೆ ಅಂತ, ಆಗ ನೀವು ಎರಡು ಹೆಜ್ಜೆ ಮುಂದೆ. ಪ್ರತೀ ಪಾಯಿಂಟಿಗೂ ಈ ಹಿಂದೆ ಮುಂದೆ ನಡೀತಾನೇ ಇರ್ಬೇಕು. ಮೈಗೆ ಏಟು ಬೀಳೋದು ಅರ್ಧಕ್ಕರ್ಧ ಕಮ್ಮಿ ಆಗುತ್ತೆ ನೋಡಿ.

ಪ್ರಶ್ನೆ: ನಾನು ಎಡಗೈಯವನು, ಪಾರ್ಟ್ನರ್ ಬಲಗೈ. ಯಾರು ಯಾವ ಕಡೆ ನಿಂತು ರಿಟರ್ನ್ ಮಾಡ್ಬೇಕು? (ಶಿವಮೊಗ್ಗದ ಓದುಗರು)

ಉತ್ತರ: ಅಮೆರಿಕದ ಬ್ರಯಾನ್ ಸಹೋದರರು ಜೊತೆಯಾಗಿ 16 ಗ್ರಾಂಡ್‌ಸ್ಲಾಮ್ ಗೆದ್ದವರು, ಬಾಬ್ ಎಡಗೈ, ಮೈಕ್ ಬಲಗೈ. ಬಾಬ್ ಆ್ಯಡ್ ಕೋರ್ಟ್, ಮೈಕ್ ಬಲಗಡೆಯ ಡ್ಯೂಸ್ ಕೋರ್ಟ್ ಆಡ್ತಿದ್ರು, ಅಂದ್ರೆ ಇಬ್ಬರ ಫೋರ್‌ಹ್ಯಾಂಡೂ ಹೊರಗಡೆಗೆ. ಹೊರಕ್ಕೆ ಎಳೆಯೋ ಸರ್ವ್‌ಗಳಿಗೆ ಉದ್ದ ಕೈ ಸಿಗುತ್ತೆ. ಇದರಲ್ಲಿ ಮಧ್ಯಕ್ಕೆ ಎರಡೂ ಬ್ಯಾಕ್‌ಹ್ಯಾಂಡ್ ಬರುತ್ತೆ, ಅದು ವೀಕ್ ಇದ್ರೆ ತಿರುಗಿಸಿ ನಿಂತು ನೋಡಿ. ಒಂದು ಸೆಟ್ ಶುರುವಾದ ಮೇಲೆ ರಿಟರ್ನ್ ಮಾಡೋ ಕಡೆ ಬದಲಾಯಿಸೋ ಹಾಗಿಲ್ಲ, ಮುಂದಿನ ಸೆಟ್ಟಿಗೆ ಬದಲಾಯಿಸಬಹುದು. ಸರ್ವ್ ಮಾಡೋ ಸರದಿಯಲ್ಲಿ ಮಾತ್ರ ಸೂರ್ಯನನ್ನ ನೆನಪಿಡಿ, ಬೆಳಗ್ಗೆ ಬಲಗೈಯವರ ಕಣ್ಣಿಗೆ ಹೊಡೆಯೋ ತುದಿಯಿಂದ ನೀವು ಸರ್ವ್ ಮಾಡೋ ಹಾಗೆ ಹೊಂದಿಸ್ಕೊಂಡ್ರೆ ಇಬ್ಬರಿಗೂ ಕಷ್ಟ ತಪ್ಪುತ್ತೆ.

ಪ್ರಶ್ನೆ: ಎರಡು ಸಣ್ಣ ಡೌಟು. ಪಾರ್ಟ್ನರ್ ಸರ್ವ್ ನನ್ನ ಬೆನ್ನಿಗೇ ತಾಗಿದ್ರೆ ಏನು? ಇಬ್ಬರ ರಾಕೆಟೂ ಒಂದೇ ಚೆಂಡಿಗೆ ಹೋದ್ರೆ? (ದಾವಣಗೆರೆಯ ಓದುಗರು)

ಉತ್ತರ: ಬೆನ್ನಿಗೆ ತಾಗಿದ್ರೆ ಅದು ಫಾಲ್ಟ್. ಅದೇ ಸರ್ವ್ ನೆಲಕ್ಕೆ ಬೀಳೋ ಮುಂಚೆ ಎದುರಿನ ರಿಸೀವರ್‌ಗೋ ಅವರ ಪಾರ್ಟ್ನರ್‌ಗೋ ತಾಗಿದ್ರೆ ಪಾಯಿಂಟ್ ಸರ್ವ್ ಮಾಡಿದವರದು. ಎರಡೂ ರಾಕೆಟ್ ಒಂದಕ್ಕೊಂದು ಬಡ್ಕೊಂಡ್ರೆ ತೊಂದರೆ ಇಲ್ಲ, ಚೆಂಡನ್ನ ಇಬ್ಬರೂ ಮುಟ್ಟಿದ್ರೆ ಮಾತ್ರ ಪಾಯಿಂಟ್ ಹೋಯ್ತು.

ಪ್ರಶ್ನೆ: ರೋಹನ್ ಬೋಪಣ್ಣ ನಮ್ಮ ಕೊಡಗಿನವರು, 43ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ನನಗೆ 50 ಆಗ್ತಿದ್ದ ಹಾಗೇ ಕಾಲು ಮಾತು ಕೇಳ್ತಿಲ್ಲ. ಅವರಿಂದ ನಮ್ಮಂಥವರು ಕಲಿಯೋದು ಏನಾದ್ರೂ ಇದೆಯಾ? (ಮಡಿಕೇರಿಯ ಓದುಗರು)

ಉತ್ತರ: ಬೇಕಾದಷ್ಟಿದೆ. 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಫೈನಲ್‌ನಲ್ಲಿ ಇಟಲಿಯ ಬೊಲೆಲ್ಲಿ, ವವಸ್ಸೋರಿ ಜೋಡಿಯನ್ನ 7-6, 7-5ರಲ್ಲಿ ಸೋಲಿಸಿದ್ರು, ಆ ವಯಸ್ಸಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಕೂಡ ಆದ್ರು. ಮೊಣಕಾಲಿನ ಕಾರ್ಟಿಲೇಜ್ ಸವೆದುಹೋಗಿತ್ತು, ಅಯ್ಯಂಗಾರ್ ಯೋಗದಿಂದ ಸಹಾಯ ಆಯ್ತು ಅಂತ ಅವರೇ ಹೇಳ್ಕೊಂಡಿದ್ದಾರೆ. ಅವರ ಆ ಸರ್ವ್ ನಮಗೆ ಬರಲ್ಲ. ಆದ್ರೆ ಅವರು ಪಾಯಿಂಟ್ ಎಷ್ಟು ಬೇಗ ಮುಗಿಸ್ತಿದ್ರು ಅನ್ನೋದನ್ನ ಗಮನಿಸಿ. ಸರ್ವ್, ಒಂದು ವಾಲಿ (ಚೆಂಡು ನೆಲಕ್ಕೆ ಬೀಳೋ ಮುಂಚೆ ಹೊಡೆಯೋದು), ಮುಗೀತು. ರಿಟರ್ನ್‌ನಲ್ಲೂ ರ್‍ಯಾಲಿ ಎಳೆಯೋ ಆಸೆ ಇರ್ತಿರಲಿಲ್ಲ. ಬೇಸ್‌ಲೈನಲ್ಲಿ ನಿಂತು ಹದಿನೈದು ಹೊಡೆತ ಆಡಿದ್ರೆ ಐವತ್ತರ ಕಾಲು ಸೋಲುತ್ತೆ, ನೆಟ್‌ಗೆ ಬಂದು ಮೂರು ಹೊಡೆತದಲ್ಲಿ ಮುಗಿಸಿದ್ರೆ ಅದೇ ಕಾಲು ಮೂರು ಸೆಟ್ ಬರುತ್ತೆ. ವಯಸ್ಸಾಯ್ತು ಅಂತ ಜನ ಹಿಂದೆ ಹಿಂದೆ ಹೋಗಿ ನಿಲ್ತಾರೆ, ನಂಗೆ ಇದು ನೋಡಿದ್ರೆ ಬೇಜಾರಾಗುತ್ತೆ, ವಯಸ್ಸಾದಷ್ಟೂ ಮುಂದೆ ಬರಬೇಕು. ಗಿಡ್ಡ ಚೆಂಡು ಸಿಕ್ಕ ಕೂಡ್ಲೇ ಮಧ್ಯಕ್ಕೆ ಆಳವಾಗಿ ಹೊಡೆದು ಅದರ ಹಿಂದೆಯೇ ಬನ್ನಿ, ಆಟಕ್ಕೆ ಮುಂಚೆ ಹತ್ತು ನಿಮಿಷ ಮೀನಖಂಡ, ತೊಡೆ ಬಿಸಿ ಮಾಡ್ಕೊಳ್ಳಿ. ವಾರಕ್ಕೊಂದು ದಿನ ಸೆಟ್ ಆಡೋದು ಬಿಟ್ಟು ನಾಲ್ಕೂ ಜನ ಸರ್ವಿಸ್ ಲೈನಲ್ಲಿ ನಿಂತು ಬರೀ ವಾಲಿ ಆಡಿ ನೋಡಿ.

ಪ್ರಶ್ನೆ: ನಾವು ಕನ್ನಡದ ಗೆಳೆಯರಿಬ್ಬರು ಇಲ್ಲಿ ಅಮೆರಿಕದಲ್ಲಿ ಯುಎಸ್‌ಟಿಎ (ಇಲ್ಲಿನ ಟೆನ್ನಿಸ್ ಸಂಸ್ಥೆ) ಲೀಗ್‌ನಲ್ಲಿ 3.5 ಲೆವೆಲ್, ಅಂದ್ರೆ ಮಧ್ಯಮ ಮಟ್ಟದಲ್ಲಿ ಆಡ್ತೀವಿ. ಹೋದ ಮ್ಯಾಚಲ್ಲಿ ಎದುರಾಳಿಯ ನೆಟ್ ಆಟಗಾರ ಮಧ್ಯದ ಗೆರೆ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ, ಸರ್ವ್ ಆದ ಮೇಲೆ ಯಾವ ಕಡೆ ಹೋಗ್ತಾನೋ ಗೊತ್ತಾಗ್ಲೇ ಇಲ್ಲ, ತಲೆ ಕೆಟ್ಟು ಸೆಟ್ ಸೋತ್ವಿ. ಇದಕ್ಕೇನು ಉಪಾಯ? (ಟೆಕ್ಸಾಸ್‌ನ ಓದುಗರು)

ಉತ್ತರ: ಅದು ಐ ಫಾರ್ಮೇಶನ್, ಸರ್ವ್ ಮಾಡೋರು, ನೆಟ್ ಆಟಗಾರ ಇಬ್ಬರೂ ಇಂಗ್ಲಿಷ್ ‘I’ ಅಕ್ಷರದ ಹಾಗೆ ಒಂದೇ ಸಾಲಲ್ಲಿ ಇರೋದು. ನಿಮ್ಮ ಕ್ರಾಸ್‌ಕೋರ್ಟ್ ರಿಟರ್ನ್ ಚೆನ್ನಾಗಿದೆ ಅಂತ ಒಪ್ಕೊಂಡೇ ಅವರು ಅದನ್ನ ಮಾಡಿರೋದು, ಆದ್ದರಿಂದ ಗಾಬರಿ ಬೇಡ. ಅವರು ಎಡಕ್ಕೋ ಬಲಕ್ಕೋ ಮೊದಲೇ ನಿರ್ಧಾರ ಮಾಡಿರ್ತಾರೆ, ನೀವು ಊಹೆ ಮಾಡೋಕೆ ಹೋದಷ್ಟೂ ಸೋಲ್ತೀರಿ. ಊಹೆ ಬಿಟ್ಟು ಮಧ್ಯಕ್ಕೆ, ನೆಟ್ ಪಟ್ಟಿಯ ಮೇಲೆ ತಗ್ಗಿಸಿ ಹೊಡೀರಿ. ಅವನು ಯಾವುದೋ ಒಂದು ಕಡೆ ಹೊರಟಿರ್ತಾನೆ, ಮಧ್ಯ ಖಾಲಿ ಆಗಿರುತ್ತೆ, ಸಿಕ್ಕಿದ್ರೂ ನೆಟ್‌ಗಿಂತ ಕೆಳಗೆ ಸಿಗೋದ್ರಿಂದ ಮೇಲಕ್ಕೆತ್ತಿಯೇ ಆಡ್ಬೇಕು, ಆ ಎತ್ತಿದ ಚೆಂಡಿಗೆ ನಿಮ್ಮ ಪಾರ್ಟ್ನರ್ ಕಾಯ್ತಿರ್ಲಿ. ಗೇಮಿಗೆ ಒಂದು ಲಾಬ್ ಎತ್ತಿ, ಕುಕ್ಕರಗಾಲಿಂದ ಎದ್ದು ಹಿಂದೆ ಓಡೋದು ಯಾರಿಗೂ ಕಷ್ಟ. ಅವರ ಮೊದಲ ಸರ್ವ್ ಜೋರಾಗಿದ್ರೆ ನಿಮ್ಮ ಪಾರ್ಟ್ನರ್ ಕೂಡ ಬೇಸ್‌ಲೈನಿಗೆ ಬರಬಹುದು, ಎದುರಿಗೆ ಹೊಡೆಯೋಕೆ ಗುರಿಯೇ ಇಲ್ಲದ ಹಾಗಾಗುತ್ತೆ. ಎರಡನೇ ಸರ್ವಿಗೂ ಅವನು ಅಲ್ಲೇ ಕೂತ್ರೆ ಚೆಂಡು ಪುಟಿದು ಮೇಲೇಳ್ತಿದ್ದ ಹಾಗೇ, ಒಂದು ಹೆಜ್ಜೆ ಒಳಗೆ ಬಂದು ಹೊಡೀರಿ, ಅವನು ಎದ್ದು ನಿಲ್ಲೋದ್ರೊಳಗೆ ಚೆಂಡು ದಾಟಿರುತ್ತೆ.